ವಿಜಯಪುರದಿಂದ ಚಿತ್ತಗಾಂಗಿಗೆ: ರಿಚರ್ಡ್ ಈಟನ್ ಕಂಡ ಬಂಗಾಳದ ಕಾಡಂಚು

1872ರಲ್ಲಿ ಬ್ರಿಟಿಷರು ಬಂಗಾಳದಲ್ಲಿ ಮೊದಲ ಬಾರಿಗೆ ಜನಗಣತಿ ನಡೆಸಿದಾಗ ಅವರೇ ಬೆರಗಾಗುವಂಥ ಲೆಕ್ಕವೊಂದು ಕೈಗೆ ಬಂತು. ಮುಸ್ಲಿಮರು ಹೆಚ್ಚಾಗಿರುವುದು ಹಳೆಯ ರಾಜಧಾನಿಗಳ ಸುತ್ತಮುತ್ತ ಎಂದು ಅವರು ಊಹಿಸಿದ್ದರು. ಗೌಡದಲ್ಲಿ ಸುಲ್ತಾನರು ಆಳಿದ್ದರು, ಮುರ್ಶಿದಾಬಾದಿನಲ್ಲಿ ನವಾಬರು ಆಳಿದ್ದರು, ಅಲ್ಲಲ್ಲದೆ ಇನ್ನೆಲ್ಲಿ? ಆದರೆ ಎಣಿಕೆ ಬೇರೆಯೇ ದಿಕ್ಕಿಗೆ ಬೆರಳು ತೋರಿಸಿತು. ಚಿತ್ತಗಾಂಗ್, ನವಾಖಾಲಿ, ಪಾಬ್ನಾ, ರಾಜಶಾಹಿ ಜಿಲ್ಲೆಗಳಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು, ಬೋಗ್ರಾದಲ್ಲಿ 80ಕ್ಕಿಂತ ಹೆಚ್ಚು ಮಂದಿ ಮುಸ್ಲಿಮರು. ಅವರಲ್ಲಿ ಬಹುತೇಕರು ಅಮೀರರೂ ಅಲ್ಲ, ಸೈನಿಕರೂ ಅಲ್ಲ. ಪೂರ್ವದ ನದೀಮುಖಜ ಭೂಮಿಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಭತ್ತ ನಾಟಿ ಮಾಡುವ ರೈತರು. ಅರಮನೆಯ ನೆರಳೂ ಬೀಳದ ಆ ಕೆಸರುಗದ್ದೆಗಳಲ್ಲಿ ಇಷ್ಟು ಜನ ಹೇಗೆ ಮುಸ್ಲಿಮರಾದರು?

ಮುಂದಿನ ನೂರು ವರ್ಷ ಈ ಪ್ರಶ್ನೆಗೆ ಬಂದ ಉತ್ತರಗಳಲ್ಲಿ ಇತಿಹಾಸಕ್ಕಿಂತ ಉತ್ತರ ಕೊಟ್ಟವರ ಅಗತ್ಯವೇ ಹೆಚ್ಚು ಕಾಣುತ್ತದೆ. ಗಣತಿಯ ಮುಖ್ಯಸ್ಥ ಹೆನ್ರಿ ಬೆವರ್ಲಿ, ಇವರೆಲ್ಲ ಮೇಲ್ಜಾತಿಯವರ ಕಾಟ ತಾಳಲಾರದೆ ಮತಾಂತರಗೊಂಡ ಕೆಳಜಾತಿಯವರು ಎಂದರು. ತಮ್ಮನ್ನು ಅರಬ್, ಪಠಾಣ, ಮೊಘಲ್ ಮನೆತನಗಳ ಸಂತಾನವೆಂದು ತಿಳಿದಿದ್ದ ಕುಲೀನರಿಗೆ ಅದು ಅವಮಾನವಾಗಿ ಕಂಡಿತು. 1895ರಲ್ಲಿ ಖೊಂದಕರ್ ಫಜ್ಲಿ ರಬ್ಬಿ ಒಂದು ಪುಸ್ತಕವನ್ನೇ ಬರೆದು, ಬಂಗಾಳದ ಮುಸ್ಲಿಮರು ಹೊರಗಿನಿಂದ ಬಂದು ನೆಲಸಿದವರ ಸಂತತಿ ಎಂದು ವಾದಿಸಿದರು. ನಡುವೆ ಹರ್ಬರ್ಟ್ ರಿಸ್ಲೆ ಎಂಬ ಅಧಿಕಾರಿ ಜನರ ಮೂಗಿನ ಉದ್ದಗಲ ಅಳೆದು ಜಗಳ ತೀರಿಸಲು ಹೊರಟರು. ವಿಜ್ಞಾನದ ಹೆಸರಿನಲ್ಲಿ ಏನೇನು ನಡೆದಿದೆ ಎಂದು ನೋಡಬೇಕಾದವರು ಆ ಕಾಲದ ವರದಿಗಳನ್ನು ಒಮ್ಮೆ ತಿರುವಿಹಾಕಬೇಕು.

ಉಳಿದ ಎರಡು ಉತ್ತರಗಳು ಇಂದಿಗೂ ಟೀವಿ ಚರ್ಚೆಗಳಲ್ಲಿ ಜೀವಂತವಾಗಿವೆ: ಕತ್ತಿಯ ಬಲದಿಂದ ಆಯಿತು ಎನ್ನುವುದು ಒಂದು, ಪದವಿ, ತೆರಿಗೆ ರಿಯಾಯಿತಿಗಳ ಆಸೆಯಿಂದ ಆಯಿತು ಎನ್ನುವುದು ಇನ್ನೊಂದು.

ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಇತಿಹಾಸ ಪ್ರಾಧ್ಯಾಪಕ ರಿಚರ್ಡ್ ಈಟನ್ ಈ ಉತ್ತರಗಳನ್ನು ಎದುರಿಸಿದ್ದು ಭೂಪಟ ಹಿಡಿದು. ಕತ್ತಿಯೋ ಆಸ್ಥಾನದ ಆಮಿಷವೋ ಕಾರಣವಾಗಿದ್ದರೆ ಮುಸ್ಲಿಮರ ಸಂಖ್ಯೆ ಅತಿ ಹೆಚ್ಚಾಗಬೇಕಿದ್ದುದು ದೆಹಲಿ, ಆಗ್ರಾಗಳ ಸುತ್ತ. ಅಲ್ಲಿ ಮುಸ್ಲಿಂ ಅರಸರ ಆಳ್ವಿಕೆ ಶತಮಾನಗಳ ಕಾಲ ಗಟ್ಟಿಯಾಗಿತ್ತು, ಆದರೂ ಅಲ್ಲಿ ಮುಸ್ಲಿಮರು ಅಲ್ಪಸಂಖ್ಯಾತರಾಗಿಯೇ ಉಳಿದರು. ಬಹುಸಂಖ್ಯಾತರಾದದ್ದು ಪೂರ್ವ ಬಂಗಾಳ ಮತ್ತು ಪಶ್ಚಿಮ ಪಂಜಾಬಿನಲ್ಲಿ, ಎಂದರೆ ಆ ಅಧಿಕಾರದ ಹಿಡಿತ ಸಡಿಲವಾಗಿದ್ದ ಎರಡು ತುದಿಗಳಲ್ಲಿ. ಜಾತಿಯಿಂದ ಬಿಡುಗಡೆ ಎಂಬ ವಾದಕ್ಕೂ ಅದೇ ಭೂಪಟ ಅಡ್ಡ ಬರುತ್ತದೆ. ಬ್ರಾಹ್ಮಣ ಧರ್ಮ ಆಳವಾಗಿ ಬೇರುಬಿಟ್ಟಿದ್ದ ಕಡೆ ಜನ ಇಸ್ಲಾಮಿನತ್ತ ದೊಡ್ಡ ಸಂಖ್ಯೆಯಲ್ಲಿ ಹೋಗಲಿಲ್ಲ. ಹೋದದ್ದು ಆ ವ್ಯವಸ್ಥೆ ಇನ್ನೂ ಸರಿಯಾಗಿ ತಲುಪಿರದ ಕಡೆ. ಪೂರ್ವ ಬಂಗಾಳದ ಬೆಸ್ತರು, ಅಂಬಿಗರು, ಕುಮರಿ ಬೇಸಾಯದವರು ಜಾತಿಯ ಏಣಿಯಲ್ಲಿ ಪೂರ್ತಿ ಸೇರಿಯೇ ಇರಲಿಲ್ಲ ಎನ್ನುವುದು ಈಟನ್ ವಾದ. ಇರದ ಸೆರೆಯಿಂದ ಬಿಡುಗಡೆ ಎಲ್ಲಿಯದು?

ಈ ಪ್ರಶ್ನೆಗೆ ಬರುವ ಮೊದಲು ಈಟನ್ ನಮ್ಮ ವಿಜಯಪುರದಲ್ಲಿದ್ದರು. 1940ರಲ್ಲಿ ಹುಟ್ಟಿದ ಅವರು ಅಮೆರಿಕದ ಪೀಸ್ ಕೋರ್ ಸ್ವಯಂಸೇವಕರಾಗಿ ಇರಾನಿಗೆ ಹೋದವರು. ಪರ್ಷಿಯನ್ ಜಗತ್ತಿನ ನಂಟು ಬೆಳೆದದ್ದು ಅಲ್ಲಿಂದ. 1972ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದು ಅರಿಜೋನಾಕ್ಕೆ ಸೇರಿದರು. ಅವರ ಮೊದಲ ಪುಸ್ತಕ 1978ರದು, ವಿಷಯ 1300ರಿಂದ 1700ರವರೆಗಿನ ಬಿಜಾಪುರದ ಸೂಫಿಗಳು. ಸೂಫಿ ಎಂದರೆ ಜಗತ್ತನ್ನು ಬಿಟ್ಟು ಧ್ಯಾನದಲ್ಲಿ ಮುಳುಗಿದ ಶಾಂತಮೂರ್ತಿ ಎಂಬ ಒಂದೇ ಅಚ್ಚನ್ನು ಆ ಪುಸ್ತಕ ಒಡೆಯಿತು. ಒಂದೇ ಊರಿನಲ್ಲಿ ಸುಲ್ತಾನನಿಗೆ ಬುದ್ಧಿ ಹೇಳಲು ಹೋದ ಸುಧಾರಕ ಸೂಫಿಗಳಿದ್ದರು, ಆಸ್ಥಾನದ ಕಡೆ ತಲೆಯನ್ನೂ ಹಾಕದ ಕವಿಗಳಿದ್ದರು, ಇನಾಮು ಜಮೀನು ಪಡೆದು ತಲೆತಲಾಂತರ ಭೂಮಾಲೀಕರಾಗಿ ಕುಳಿತ ಮನೆತನಗಳಿದ್ದವು, ಯಾರ ಕಟ್ಟಳೆಗೂ ಸಿಗದ ಅವಧೂತರೂ ಇದ್ದರು. ಮೊದಲ ಹಂತದಲ್ಲಿ ಯೋಧ ಸೂಫಿಗಳೂ ಬಂದರು ಎಂದು ಈಟನ್ ಬರೆದಿದ್ದಾರೆ. ಆ ಭಾಗದ ಬಗ್ಗೆ ಮಾತ್ರ ಎಚ್ಚರ ಬೇಕು. ಅದಕ್ಕೆ ಆಧಾರವಾದ ಸಂತಚರಿತ್ರೆಗಳು ಘಟನೆಗಳಾಗಿ ಬಹಳ ಕಾಲದ ಮೇಲೆ ಬರೆದವು ಎಂದು ಬೇರೆ ವಿದ್ವಾಂಸರು ಆಕ್ಷೇಪಿಸಿದ್ದಾರೆ, ಆಕ್ಷೇಪದಲ್ಲಿ ಹುರುಳಿದೆ.

ಆ ಸಂಶೋಧನೆಯಲ್ಲಿ ಉತ್ತರ ಕರ್ನಾಟಕದ ಓದುಗರಿಗೆ ತಟ್ಟನೆ ಹತ್ತಿರವಾಗುವುದು ಚಕ್ಕಿನಾಮಾಗಳ ಭಾಗ. ಬಿಜಾಪುರದ ಸೂಫಿ ಪರಂಪರೆಯವರು ದಖನಿ ಭಾಷೆಯಲ್ಲಿ ಹೆಂಗಸರು ಬೀಸುವಾಗ ಹಾಡುವ ಪದಗಳನ್ನು ಕಟ್ಟಿದರು; ರಾಟೆ ತಿರುಗಿಸುವಾಗ ಹಾಡುವವು ಬೇರೆ. ಬೀಸುಕಲ್ಲಿನ ನೆಟ್ಟನೆಯ ಹಿಡಿಗೂಟ ಅಲಿಫ್ ಅಕ್ಷರದಂತೆ, ಅದು ಅಲ್ಲಾಹ್; ನಡುವಿನ ಗೂಟ ಮುಹಮ್ಮದ್ ಎಂದು ಆ ಪದಗಳು ಹೇಳಿಕೊಡುತ್ತವೆ. ಜೋಳ ಬೀಸುತ್ತಾ ತ್ರಿಪದಿ ಹಾಡಿದ ಸೀಮೆ ಇದು. ಇದ್ದ ರೂಢಿಯೊಳಕ್ಕೆ ಹೊಸ ದೇವರ ಹೆಸರು ಸದ್ದಿಲ್ಲದೆ ಇಳಿದದ್ದನ್ನು ಇಲ್ಲಿನವರಿಗೆ ಹೆಚ್ಚು ಬಿಡಿಸಿ ಹೇಳಬೇಕಿಲ್ಲ. ದೊಡ್ಡ ಧಾರ್ಮಿಕ ಬದಲಾವಣೆಯೊಂದು ಆಸ್ಥಾನದ ದಾಖಲೆಯಲ್ಲಿ ಸುಳಿವೂ ಬಿಡದೆ ಅಡುಗೆಮನೆಯ ಮೂಲೆಯಲ್ಲಿ ನಡೆದಿರಬಹುದು ಎಂಬ ತಿಳಿವಳಿಕೆಯನ್ನು ಈಟನ್ ಬಂಗಾಳಕ್ಕೆ ಹೊತ್ತುಕೊಂಡು ಹೋದರು. ಇನಾಮು ಪತ್ರಗಳನ್ನು ಓದುವ ಕಣ್ಣನ್ನೂ.

ಬಂಗಾಳದ ಕುರಿತ ಅವರ ಪುಸ್ತಕ 1993ರಲ್ಲಿ ಬಂತು. ಅದರ ಕಾಲವ್ಯಾಪ್ತಿ 1204ರಿಂದ 1760. ಬಖ್ತಿಯಾರ್ ಖಿಲ್ಜಿಯ ದಾಳಿಯಿಂದ ಹಿಡಿದು ಈಸ್ಟ್ ಇಂಡಿಯಾ ಕಂಪನಿ ಚಿತ್ತಗಾಂಗನ್ನು ಕೈಗೆ ತೆಗೆದುಕೊಂಡವರೆಗೆ. ಇಷ್ಟು ಉದ್ದದ ಕಥೆಯ ಮುಖ್ಯ ಪಾತ್ರ ಯಾರು ಎಂದು ಕೇಳಿದರೆ, ಸುಲ್ತಾನರನ್ನೂ ಸಂತರನ್ನೂ ಬಿಟ್ಟು ನಾನು ಗಂಗೆಯ ಹೆಸರು ಹೇಳುತ್ತೇನೆ. ಮೊದಲು ಗಂಗೆಯ ದೊಡ್ಡ ಹರಿವು ಪಶ್ಚಿಮದಲ್ಲಿ, ಇಂದಿನ ಕೋಲ್ಕತ್ತದ ಕಡೆ ಸಾಗುವ ಭಾಗೀರಥಿ–ಹೂಗ್ಲಿ ಕವಲಿನಲ್ಲಿತ್ತು. ಹೂಳು ತುಂಬುತ್ತಾ ನದಿ ನಿಧಾನವಾಗಿ ಪೂರ್ವಕ್ಕೆ ಸರಿಯಿತು. 16ನೆಯ ಶತಮಾನದ ಕೊನೆಯ ಹೊತ್ತಿಗೆ ಮುಖ್ಯ ನೀರು ಪದ್ಮಾ ನದಿಗೆ ಕೂಡಿಕೊಂಡು ಪೂರ್ವ ಬಂಗಾಳದ ನಡುವೆ ಹರಿಯತೊಡಗಿತ್ತು. ಪಶ್ಚಿಮದ ಹಳೆಯ ಕಾಲುವೆಗಳು ಬತ್ತಿ ಜೌಗಾದವು. ಪೂರ್ವದಲ್ಲಿ ವರ್ಷ ವರ್ಷವೂ ಹೊಸ ಮೆಕ್ಕಲು ಬಿದ್ದು, ಭತ್ತಕ್ಕೆ ಹೇಳಿಮಾಡಿಸಿದ ನೆಲ ಸಿದ್ಧವಾಯಿತು. ಆದರೆ ಆ ನೆಲದ ಮೇಲೆ ದಟ್ಟ ಕಾಡಿತ್ತು, ಕಾಡಿನಲ್ಲಿ ಹುಲಿಯಿತ್ತು.

ಅದೇ ಹೊತ್ತಿಗೆ ಮೊಘಲರು ಬಂದರು. 1576ರಲ್ಲಿ ಅಕ್ಬರನ ಸೇನೆ ಬಂಗಾಳದ ಕೊನೆಯ ಅಫ್ಘಾನ್ ಸುಲ್ತಾನ ದಾವೂದ್ ಕರ್ರಾನಿಯನ್ನು ಸೋಲಿಸಿ ಕೊಂದಿತು. 17ನೆಯ ಶತಮಾನದ ಆರಂಭದಲ್ಲಿ ಸುಬೇದಾರ (ಮೊಘಲರ ಪ್ರಾಂತ್ಯಾಧಿಕಾರಿ) ಇಸ್ಲಾಂ ಖಾನ್ ಢಾಕಾವನ್ನು ಪ್ರಾಂತ್ಯದ ರಾಜಧಾನಿ ಮಾಡಿಕೊಂಡ; 1666ರಲ್ಲಿ ಚಿತ್ತಗಾಂಗ್ ಅರಾಕಾನಿನ ಅರಸರ ಕೈಯಿಂದ ಮೊಘಲರ ಕೈಗೆ ಬಂತು. ಅಧಿಕಾರದ ಕೇಂದ್ರವೂ ನದಿಯ ಹಿಂದೆಯೇ ಪೂರ್ವಕ್ಕೆ ಸರಿಯಿತು ಎನ್ನಬಹುದು. ಹೊಸ ದೊರೆಗಳಿಗೆ ಬೇಕಾಗಿದ್ದುದು ಕಂದಾಯ, ಮತ್ತು ಕಾಡಂಚಿನಲ್ಲಿ ತಮಗೆ ನಿಷ್ಠರಾಗಿರುವ ನೆಲೆಸಿದ ಜನ. ಕಾಡಿನಿಂದ ಕಂದಾಯ ಹುಟ್ಟುವುದಿಲ್ಲ, ಗದ್ದೆಯಿಂದ ಹುಟ್ಟುತ್ತದೆ.

ಮೊಘಲರ ಉಪಾಯ ಸರಳವಾಗಿತ್ತು. ಯಾರಾದರೂ ಮುಂದಾಳು, ಒಬ್ಬ ಶೇಖ್, ಒಬ್ಬ ಹಾಜಿ, ಒಬ್ಬ ಪೀರ, ಕೆಲವೊಮ್ಮೆ ಬರೀ ಚೌಧುರಿ, ಆಳುಗಳನ್ನು ಕಟ್ಟಿಕೊಂಡು ಕಾಡು ಕಡಿಯಲು ಒಪ್ಪಿದರೆ ಅವನಿಗೆ ತೆರಿಗೆಯಿಲ್ಲದ ಭೂಮಿಯ ಸನದು ಸಿಗುತ್ತಿತ್ತು. ಅವನು ಅಲ್ಲಿ ಮಸೀದಿಯನ್ನೋ ದರ್ಗಾವನ್ನೋ ನಡೆಸಬೇಕು, ತನ್ನನ್ನು ನಂಬಿದವರನ್ನು ಸಾಕಬೇಕು, ಸಾಮ್ರಾಜ್ಯದ ದೀರ್ಘಾಯುಷ್ಯಕ್ಕೆ ಪ್ರಾರ್ಥಿಸಬೇಕು. ಈ ಸನದುಗಳು ಚಿತ್ತಗಾಂಗ್ ಮತ್ತು ಸಿಲ್ಹೆಟ್ ಜಿಲ್ಲಾ ಕಲೆಕ್ಟರ್ ಕಚೇರಿಗಳ ದಾಖಲೆ ಕೊಠಡಿಗಳಲ್ಲಿ ಉಳಿದಿದ್ದವು. ಪರ್ಷಿಯನ್ನಿನ ಬಣ್ಣದ ಚರಿತ್ರೆಗಳನ್ನು ಹಲವರು ಓದಿದ್ದಾರೆ. ಕಂದಾಯ ಇಲಾಖೆಯ ಒಣ ಕಾಗದಗಳನ್ನು ಹುಡುಕಿಕೊಂಡು ಹೋದದ್ದು ಈಟನ್ ಅವರ ದೊಡ್ಡ ಕೆಲಸ. ನಮ್ಮ ಅಗ್ರಹಾರ, ಉಂಬಳಿ, ಕೆರೆಗೊಡಗೆಗಳ ಶಾಸನಗಳನ್ನು ಓದಿದವರಿಗೆ ಈ ಏರ್ಪಾಡು ಹೊಸದೆನಿಸುವುದಿಲ್ಲ. ದೇವರ ಹೆಸರಲ್ಲಿ ದತ್ತಿ ಕೊಟ್ಟು ಬೀಳು ನೆಲವನ್ನು ಸಾಗುವಳಿಗೆ ತರುವ ಉಪಾಯ ನಮ್ಮ ಅರಸರಿಗೂ ಚೆನ್ನಾಗಿ ತಿಳಿದಿತ್ತು.

ಇಲ್ಲಿ ಒಂದು ಸಂಗತಿಯನ್ನು ಒತ್ತಿ ಹೇಳಬೇಕು, ಏಕೆಂದರೆ ಪುಸ್ತಕವನ್ನು ಓದದೆ ಉಲ್ಲೇಖಿಸುವವರು ಇದನ್ನೇ ಬಿಡುತ್ತಾರೆ. ಇದು ಮತಾಂತರದ ಸರ್ಕಾರಿ ಯೋಜನೆಯಾಗಿರಲಿಲ್ಲ. ಸೋತ ರಾಜನೊಬ್ಬನ ಮಗನನ್ನು ಮೊಘಲ್ ಅಧಿಕಾರಿಯೊಬ್ಬ ಮತಾಂತರ ಮಾಡಿದಾಗ ಸುಬೇದಾರ ಇಸ್ಲಾಂ ಖಾನ್ ಸಿಟ್ಟಾಗಿ ಆ ಅಧಿಕಾರಿಯನ್ನು ಅವನ ಜಾಗೀರಿನಿಂದ ಎತ್ತಂಗಡಿ ಮಾಡಿದ ಪ್ರಸಂಗ ಅಂದಿನ ದಾಖಲೆಯಲ್ಲೇ ಇದೆ. ಸಿಲ್ಹೆಟ್‌ನಲ್ಲಿ ಇದೇ ಸರ್ಕಾರ ಬ್ರಾಹ್ಮಣರಿಗೂ ದೇವಸ್ಥಾನಗಳಿಗೂ ಬ್ರಹ್ಮೋತ್ತರ, ದೇವೋತ್ತರ ಎಂದು ಭೂಮಿ ಕೊಟ್ಟಿತು. ದತ್ತಿ ಪಡೆದವನು ಯಾವ ದೇವರನ್ನು ಪೂಜಿಸುತ್ತಿದ್ದನೋ ಅವನ ಸುತ್ತ ನೆಲಸಿದ ರೈತರು ಕಾಲಕ್ರಮದಲ್ಲಿ ಆ ದೇವರ ಒಕ್ಕಲಾದರು. ಪೂರ್ವದಲ್ಲಿ ಕಾಡು ಕಡಿಯಲು ಮುಂದೆ ಬಂದವರಲ್ಲಿ ಮುಸ್ಲಿಂ ಮುಂದಾಳುಗಳೇ ಹೆಚ್ಚು. ಬಂಡವಾಳ ಯಾರದು ಎಂದು ನೋಡಿದರೆ ಇನ್ನೊಂದು ತಿರುವು: ಬಾಕರ್‌ಗಂಜಿನಂಥ ಕಡೆ ಮೇಲಿನ ಹಂತದ ಜಮೀನ್ದಾರರು, ಸಾಲ ಕೊಡುವ ಸಾಹುಕಾರರು ಬಹುಪಾಲು ಹಿಂದೂಗಳು; ಕಾಡಿನಲ್ಲಿ ಕೊಡಲಿ ಹಿಡಿದವರ ಮುಂದಾಳು ಮುಸ್ಲಿಮ. ಹಿಂದೂ ಜಮೀನ್ದಾರ, ಮುಸ್ಲಿಂ ರೈತ ಎಂಬ ಜೋಡಿ 20ನೆಯ ಶತಮಾನದ ಬಂಗಾಳದ ರಾಜಕೀಯವನ್ನು ಸುಟ್ಟ ಬಗೆ ಎಲ್ಲರಿಗೂ ಗೊತ್ತು. ಅದರ ಬೀಜ ಬಿದ್ದದ್ದು ಈ ಹೊಸ ಗದ್ದೆಗಳಲ್ಲಿ.

ಈ ಚಿತ್ರಕ್ಕೆ ಹಿಂದೂ ಕಾವ್ಯವೂ ಸಾಕ್ಷಿ ಹೇಳುತ್ತದೆ. 16ನೆಯ ಶತಮಾನದ ಕೊನೆಯಲ್ಲಿ ಮುಕುಂದರಾಮ ಎಂಬ ಬ್ರಾಹ್ಮಣ ಕವಿ ಬರೆದ ‘ಚಂಡೀಮಂಗಲ’ದಲ್ಲಿ ಬೇಟೆಗಾರ ಕಾಲಕೇತು ದೇವಿಯ ಅಪ್ಪಣೆಯಂತೆ ಕಾಡು ಕಡಿಸಿ ಊರು ಕಟ್ಟುತ್ತಾನೆ. ಕಾಡು ಕಡಿಯಲು ಪಶ್ಚಿಮದಿಂದ ಜಫರ್ ಮಿಯಾ ಎಂಬವನ ಹಿಂದೆ 22 ಸಾವಿರ ಮಂದಿ, ಪೀರ ಪೈಗಂಬರರ ಹೆಸರು ಹೇಳುತ್ತಾ ಬರುತ್ತಾರೆ. ಕೊಡಲಿಯ ಸದ್ದಿಗೆ ಹುಲಿ ಹೆದರಿ ಓಡುತ್ತದೆ. ಸಂಖ್ಯೆ ಕವಿಯ ಅತಿಶಯವೇ ಇರಬಹುದು. ಆದರೆ ಕಾಡು ಕಡಿಯುವವರು ಎಂದೊಡನೆ ಕವಿಯ ಕಣ್ಣಿಗೆ ಬಂದವರು ಯಾರು ಎನ್ನುವುದು ಮುಖ್ಯ. ಇನ್ನೂ ಹಿಂದೆ, ಸುಂದರಬನದ ಅಂಚಿನ ಬಾಗೇರ್‌ಹಾಟ್‌ನಲ್ಲಿ ಖಾನ್ ಜಹಾನ್ ಎಂಬ ಮುಂದಾಳು ಕೆರೆ ತೋಡಿಸಿ, ಕಾಡು ಸವರಿಸಿ, ಮಸೀದಿಗಳನ್ನು ಕಟ್ಟಿಸಿ 1459ರಲ್ಲಿ ತೀರಿಕೊಂಡ. ಜನ ಇಂದಿಗೂ ಅವನನ್ನು ನೆನೆಯುವುದು ಸಂತನೆಂದು. ನೀರು, ನೆಲ ಒದಗಿಸಿದವನು ಮೂರು ತಲೆಮಾರು ಕಳೆಯುವುದರೊಳಗೆ ಪವಾಡಪುರುಷನಾಗುವುದು ಯಾವ ಸೀಮೆಯಲ್ಲಿ ನಡೆದಿಲ್ಲ?

ಹಾಗಾದರೆ ಈ ರೈತರು ಯಾವ ದಿನ ಮುಸ್ಲಿಮರಾದರು? ಈಟನ್ ಪ್ರಕಾರ ಈ ಪ್ರಶ್ನೆಯೇ ಸರಿಯಿಲ್ಲ. ನಡೆದದ್ದನ್ನು ಅವರು ಮೂರು ಬಗೆಯಾಗಿ ಬಿಡಿಸುತ್ತಾರೆ. ಮೊದಲು ಇರುವ ದೇವತೆಗಳ ಪಕ್ಕದಲ್ಲೇ ಅಲ್ಲಾಹ್, ಪೈಗಂಬರ್, ಪೀರರು ಬಂದು ಕೂರುತ್ತಾರೆ. ಆಮೇಲೆ ಅವರಿಬ್ಬರೂ ಒಂದೇ ಎಂಬ ಭಾವ ಬೆಳೆಯುತ್ತದೆ. ಕೊನೆಗೆ, ಬಹುಕಾಲದ ನಂತರ, ಹಳೆಯವರು ಮರೆಗೆ ಸರಿಯುತ್ತಾರೆ. ಇವು ಒಂದರ ಮೇಲೊಂದು ಹಾಯುತ್ತಾ ತಲೆಮಾರುಗಟ್ಟಲೆ ನಡೆಯುವ ಕ್ರಿಯೆಗಳು. ನಡುವಣ ಹಂತಕ್ಕೆ ಬಂಗಾಳದ ಹೊರಗಿನ ಉದಾಹರಣೆಯೊಂದು ಗುಜರಾತಿನ ವೇರಾವಳದ 1264ರ ಶಾಸನ. ಅರಬ್ಬಿ ಪಾಠದ ಜತೆಗಿರುವ ಸಂಸ್ಕೃತ ಪಾಠದಲ್ಲಿ ಅಲ್ಲಾಹನನ್ನು ವಿಶ್ವನಾಥ, ಶೂನ್ಯರೂಪ, ವಿಶ್ವರೂಪ ಎಂದು ಕರೆದಿದೆ. ಬಂಗಾಳದಲ್ಲಿ ಸೈಯದ್ ಸುಲ್ತಾನ್ ಎಂಬ ಕವಿ 16ನೆಯ ಶತಮಾನದ ಕೊನೆಗೆ ಬರೆದ ‘ನಬೀವಂಶ’ದಲ್ಲಿ ಆದಮನು ಭೂಮಿಗಿಳಿದು ಬರುವುದು ಬಂಗಾಳದ ಕರಾವಳಿಯ ಸೊಂದ್ವೀಪಕ್ಕೆ. ದೇವದೂತ ಜಿಬ್ರೀಲ ಅವನ ಕೈಗೆ ನೇಗಿಲು, ನೊಗ, ಬೀಜ, ಎರಡು ಎತ್ತು ಕೊಟ್ಟು, ಬೇಸಾಯವೇ ನಿನ್ನ ಪಾಲಿಗೆ ನಿರಂಜನನ ಕಟ್ಟಳೆ ಎನ್ನುತ್ತಾನೆ. ಇಡೀ ಪುಸ್ತಕದಲ್ಲಿ ನನಗೆ ಅತ್ಯಂತ ಇಷ್ಟವಾದ ಸಾಕ್ಷ್ಯ ಇದು. ಮೊದಲ ಮನುಷ್ಯನೇ ಮೊದಲ ಒಕ್ಕಲಿಗ. ಕಾಡು ಕಡಿದು ಉಳುವುದು, ಮುಸ್ಲಿಮನಾಗಿ ಬದುಕುವುದು ಎರಡೂ ಆ ಜನರಿಗೆ ಒಂದೇ ಕೆಲಸವಾಗಿತ್ತು.

ಇದೇ ನಿಧಾನಗತಿಯನ್ನು ಈಟನ್ ಪಂಜಾಬಿನಲ್ಲೂ ತೋರಿಸಿದ್ದಾರೆ. ಪಾಕ್‌ಪಟ್ಟಣದ ಬಾಬಾ ಫರೀದರ ದರ್ಗಾಕ್ಕೆ ನಡೆದುಕೊಳ್ಳುತ್ತಿದ್ದ ಸಿಯಾಲ್ ಕುಲದ ವಂಶಾವಳಿಯಲ್ಲಿನ ಹೆಸರುಗಳನ್ನು ಅವರು ಎಣಿಸಿದರು. 15ನೆಯ ಶತಮಾನದ ಆರಂಭದಲ್ಲಿ ಹತ್ತರಲ್ಲಿ ಒಂದು ಹೆಸರು ಮುಸ್ಲಿಮರದು. ಎಲ್ಲ ಹೆಸರುಗಳೂ ಹಾಗಾಗಲು 19ನೆಯ ಶತಮಾನ ಬರಬೇಕಾಯಿತು.

ಅಂಚಿನ ಇತಿಹಾಸ ಎಂದೊಡನೆ ಅಮೆರಿಕದ ಓದುಗರಿಗೆ ನೆನಪಾಗುವುದು ಫ್ರೆಡರಿಕ್ ಜಾಕ್ಸನ್ ಟರ್ನರ್. ಈಟನ್ ಓದಿದ ವಿಸ್ಕಾನ್ಸಿನ್‌ನಲ್ಲೇ ಹಿಂದೊಮ್ಮೆ ಪಾಠ ಹೇಳುತ್ತಿದ್ದ ಟರ್ನರ್, ಪಶ್ಚಿಮಕ್ಕೆ ಸರಿಯುತ್ತಾ ಹೋದ ವಸತಿಯ ಅಂಚೇ ಅಮೆರಿಕದವರ ಸ್ವಭಾವವನ್ನು ರೂಪಿಸಿತು ಎಂದು 1893ರಲ್ಲಿ ಷಿಕಾಗೋದಲ್ಲಿ ಪ್ರಬಂಧ ಮಂಡಿಸಿದವರು. ಅವರ ಕಥೆಯಲ್ಲಿ ಅಂಚು ಒಂದೇ, ಅದರ ಆಚೆಗಿದ್ದ ಮೂಲನಿವಾಸಿಗಳು ಹೆಚ್ಚುಕಡಿಮೆ ಲೆಕ್ಕಕ್ಕಿಲ್ಲ. ಈಟನ್ ಬಂಗಾಳದಲ್ಲಿ ಕಂಡದ್ದು ಹಲವು ಅಂಚುಗಳು. ಸಂಸ್ಕೃತ ಸಂಸ್ಕೃತಿಯದು ಒಂದು, ಅದು ಎಲ್ಲಕ್ಕಿಂತ ಹಳೆಯದು. ಮುಸ್ಲಿಂ ಅರಸರ ರಾಜ್ಯದ್ದು ಇನ್ನೊಂದು, ನೇಗಿಲಿನದು ಮತ್ತೊಂದು, ಇಸ್ಲಾಂ ಧರ್ಮದ್ದು ಮಗದೊಂದು. ಪ್ರತಿಯೊಂದರ ವೇಗವೂ ಬೇರೆ. ಸೈನ್ಯ 13ನೆಯ ಶತಮಾನದಲ್ಲೇ ಬಂದರೂ ಮುಸ್ಲಿಂ ರೈತರ ದೊಡ್ಡ ಸಮುದಾಯ ಕಾಣಿಸಿಕೊಂಡದ್ದು 16ನೆಯ ಶತಮಾನದ ಕೊನೆಗೆ. ರಾಜ್ಯದ ಗಡಿಯೂ ಧರ್ಮದ ಗಡಿಯೂ ಒಟ್ಟಿಗೇ ಚಲಿಸುತ್ತವೆ ಎಂದು ನಂಬಿದವರಿಗೆ ಈ ಮುನ್ನೂರು ಚಿಲ್ಲರೆ ವರ್ಷಗಳ ಅಂತರವನ್ನು ವಿವರಿಸುವುದು ಕಷ್ಟ.

ಈಟನ್ ವಾದವೂ ಪ್ರಶ್ನೆಗಳಿಂದ ತಪ್ಪಿಸಿಕೊಂಡಿಲ್ಲ. ಸನದುಗಳು ಸಿಕ್ಕಿದ್ದು ಚಿತ್ತಗಾಂಗ್ ಮತ್ತು ಸಿಲ್ಹೆಟ್‌ಗಳಲ್ಲಿ, ಎರಡೂ ಬಂಗಾಳದ ಕಟ್ಟಕಡೆಯ ಮೂಲೆಗಳು. ಅವುಗಳ ಆಧಾರದ ಮೇಲೆ ಇಡೀ ಪೂರ್ವ ಬಂಗಾಳದ ಬಗ್ಗೆ ಎಷ್ಟು ಹೇಳಬಹುದು? ಪೂರ್ವದಲ್ಲಿ ಬ್ರಾಹ್ಮಣ ಧರ್ಮದ ಬೇರು ಸಡಿಲವಾಗಿತ್ತು ಎನ್ನುವಾಗ ಸೇನ ಅರಸರ ರಾಜಧಾನಿಯಾಗಿದ್ದ ವಿಕ್ರಮಪುರ ಅಲ್ಲೇ ಇತ್ತಲ್ಲ? ಮೈನಾಮತಿಯ ಬೌದ್ಧ ವಿಹಾರಗಳು ಎಲ್ಲಿಗೆ ಹೋದವು? ಹೊಸದಾಗಿ ಕಡಿದ ಕಾಡಿಗೂ ಮುಸ್ಲಿಂ ಬಾಹುಳ್ಯಕ್ಕೂ ಎಲ್ಲ ಜಿಲ್ಲೆಗಳಲ್ಲೂ ತಾಳೆಯಾಗುವುದಿಲ್ಲ ಎಂಬ ಮಾತೂ ಇದೆ. 80 ಪ್ರತಿಶತ ದಾಟಿದ್ದ ಬೋಗ್ರಾದಲ್ಲೇ ಪ್ರಾಚೀನ ಪುಂಡ್ರನಗರದ ಅವಶೇಷಗಳಿವೆ, ಅದು ನಿನ್ನೆ ಮೊನ್ನೆ ಕಾಡು ಸವರಿದ ಸೀಮೆಯಲ್ಲ. ನನ್ನ ಮಟ್ಟಿಗೆ ಈ ಕೊನೆಯ ಪ್ರಶ್ನೆ ಅತ್ಯಂತ ಗಟ್ಟಿಯಾದದ್ದು. ಆಗ್ನೇಯ ತುದಿಗೆ ಈಟನ್ ವಿವರಣೆ ಹೊಂದುವಷ್ಟು ಸಲೀಸಾಗಿ ಉತ್ತರದ ಹಳೆಯ ನಾಡಿಗೆ ಹೊಂದುವುದಿಲ್ಲ. ಆದರೂ ಅವರಿಗೆ ಮೊದಲಿದ್ದ ನಾಲ್ಕು ಉತ್ತರಗಳಿಗೆ ಹಿಂದಿರುಗುವುದು ಈಗ ಯಾವ ಗಂಭೀರ ವಿದ್ಯಾರ್ಥಿಗೂ ಸುಲಭವಲ್ಲ.

ಬಂಗಾಳದ ಆನಂತರ ಈಟನ್ ಮತ್ತೆ ದಕ್ಖನಿಗೆ ಮರಳಿದರು. 2005ರಲ್ಲಿ ಎಂಟು ಬದುಕುಗಳ ಮೂಲಕ ದಕ್ಖನಿನ ಸಾಮಾಜಿಕ ಚರಿತ್ರೆ ಬರೆದರು. ಕಲಬುರಗಿಯ ಬಂದೇ ನವಾಜ್ ಗೇಸುದರಾಜ್, ಬೀದರಿನ ಮಹಮೂದ್ ಗವಾನ್, ವಿಜಯನಗರದ ರಾಮರಾಯ ಆ ಎಂಟರಲ್ಲಿದ್ದಾರೆ. 2014ರಲ್ಲಿ ಕಲಾ ಇತಿಹಾಸಕಾರ ಫಿಲಿಪ್ ವ್ಯಾಗನರ್ ಜತೆಗೂಡಿ ಕಲ್ಯಾಣ, ರಾಯಚೂರು, ವಾರಂಗಲ್ಲುಗಳನ್ನು ಕುರಿತು ಪುಸ್ತಕ ತಂದರು. ರಾಜಧಾನಿಗಳನ್ನು ಬಿಟ್ಟು, ಎರಡು ಮೂರು ರಾಜ್ಯಗಳು ಎಳೆದಾಡಿದ ನಡುವಿನ ಕೋಟೆಗಳನ್ನು ನೋಡಿದ್ದು ಆ ಪುಸ್ತಕದ ಹೊಸತನ. ಕಲ್ಯಾಣದಲ್ಲಿ 1326ರ ಸಂಸ್ಕೃತ ಶಾಸನವೊಂದಿದೆ. ಮುಹಮ್ಮದ್ ಬಿನ್ ತುಘಲಕನ ಅಧಿಕಾರಿಗಳು ಅಲ್ಲಿನ ಶಿವಾಲಯದ ಜೀರ್ಣೋದ್ಧಾರಕ್ಕೆ ಏರ್ಪಾಡು ಮಾಡಿದ್ದನ್ನು ಅದು ದಾಖಲಿಸುತ್ತದೆ. ಹಾಗೆಂದು ಈಟನ್ ಮಧ್ಯಯುಗವನ್ನು ಬಣ್ಣ ಬಳಿದು ಸುಂದರಗೊಳಿಸಿದವರಲ್ಲ. 1192ರಿಂದ 1729ರವರೆಗಿನ ದೇವಾಲಯ ಭಂಗಗಳಲ್ಲಿ ಖಚಿತವಾಗಿ ದಾಖಲಾದ 80ನ್ನು ಪಟ್ಟಿಮಾಡಿದವರೂ ಅವರೇ. ಬಹುಪಾಲು ಪ್ರಸಂಗಗಳಲ್ಲಿ ಗುರಿ ಎದುರಾಳಿ ಅರಸನ ರಾಜದೈವ, ಎಂದರೆ ಅವನ ಅಧಿಕಾರದ ಗುರುತು. ಅವು ಹೆಚ್ಚಾಗಿ ನಡೆದದ್ದು ರಾಜ್ಯಗಳು ಹಿಗ್ಗುತ್ತಿದ್ದ ಅಂಚಿನಲ್ಲಿ ಎಂಬುದು ಅವರ ತೀರ್ಮಾನ. ಆ ಪಟ್ಟಿಯ ಬಗ್ಗೆ ಎರಡೂ ಕಡೆಯವರು ಅವರ ಮೇಲೆ ಮುನಿಸಿಕೊಂಡಿದ್ದಾರೆ.

ರಾಯಚೂರಿನ ಮಟ್ಟಿಗೆ ಅವರ ಆಸಕ್ತಿ 1520ರ ಯುದ್ಧ. ಕೃಷ್ಣಾ ತುಂಗಭದ್ರೆಗಳ ನಡುವಿನ ಆ ದೋಆಬಿಗಾಗಿ ಬಹಮನಿ ಕಾಲದಿಂದಲೂ ರಕ್ತ ಹರಿದಿತ್ತು. ಬಿಜಾಪುರದ ಇಸ್ಮಾಯಿಲ್ ಆದಿಲ್ ಶಾಹನ ಬಳಿ ಫಿರಂಗಿಗಳು ಹೆಚ್ಚಿದ್ದವು, ಆದರೂ ಬಯಲಿನ ಕಾಳಗದಲ್ಲಿ ಗೆದ್ದವನು ಕೃಷ್ಣದೇವರಾಯ. ಕೋಟೆ ಬಿದ್ದದ್ದರಲ್ಲಿ ಕ್ರಿಸ್ತೊವಾವ್ ದೆ ಫಿಗೇರೆದೊ ಎಂಬ ಪೋರ್ಚುಗೀಸನ ಬಂದೂಕುಗಾರರ ಕೈಯೂ ಇತ್ತು. ಶಾಂತಿ ಬೇಕಾದರೆ ಆದಿಲ್ ಶಾಹ ಬಂದು ತನ್ನ ಪಾದಕ್ಕೆ ಮುತ್ತಿಡಲಿ ಎಂದು ರಾಯ ಹೇಳಿಕಳಿಸಿದ್ದನ್ನು ಪೋರ್ಚುಗೀಸ್ ವ್ಯಾಪಾರಿ ಫೆರ್ನಾವ್ ನೂನಿಜ್ ಬರೆದಿಟ್ಟಿದ್ದಾನೆ. ಈಟನ್ ಹೇಳುವಂತೆ ಗೆಲುವು ವಿಜಯನಗರಕ್ಕೆ ಹೊಸ ಆಯುಧದ ಬಗ್ಗೆ ಉದಾಸೀನ ಕಲಿಸಿತು. ಸೋತ ಕಡೆಯವರು ಮನೆಗೆ ಹೋಗಿ ಫಿರಂಗಿಗಳನ್ನು ತಿದ್ದಿದರು, ಕೋಟೆಯ ಕೊತ್ತಲಗಳನ್ನು ಫಿರಂಗಿ ಕೂರುವಂತೆ ಮತ್ತೆ ಕಟ್ಟಿದರು. ಮುಂದಿನ ದೊಡ್ಡ ಪರೀಕ್ಷೆ ನಡೆದದ್ದು 45 ವರ್ಷಗಳ ನಂತರ, 1565ರ ಜನವರಿಯಲ್ಲಿ, ತಾಳಿಕೋಟೆಯಲ್ಲಿ.